ಕಾಶೆವ್ವನ ಹಲ್ಲು

ಕೌಜಲಗಿಯ ಪರಪ್ಪನ ಮನೆಯಲ್ಲಿ ಹೆಂಗಸರು ಉಣ್ಣುವ ಹೊತ್ತು ಯಾವುದು ಎಂದು ಹೇಳಬೇಕಾದರೆ, ಗಂಡಸರು ಉಂಡು ಏಳುವ ಹೊತ್ತು ಯಾವುದು ಎಂದು ಮೊದಲು ಹೇಳಬೇಕಾಗುತ್ತಿತ್ತು. ಅದನ್ನು ಹೇಳಬಲ್ಲ ಗಂಡಸು ಆ ಮನೆಯಲ್ಲಿ ಇರಲಿಲ್ಲ. ಪರಪ್ಪ ಮಠದಿಂದ ಬಂದಾಗ ಬಂದ. ಮಗ ವೀರಪ್ಪ ಹತ್ತಿ ಹೊಲದಿಂದ ಬಂದಾಗ ಬಂದ. ಒಬ್ಬ ಬಂದು ಇನ್ನೊಬ್ಬ ಬಾರದಿದ್ದರೆ, ಬಂದವನು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂಡುತ್ತಿದ್ದ. ಒಳಗೆ ಅತ್ತೆ ಗೌರವ್ವ, ಸೊಸೆ ಕಾಶೆವ್ವ, ಹನ್ನೊಂದು ವರುಷದ ಮೊಮ್ಮಗಳು ಚನ್ನವ್ವ ಮೂವರೂ ರೊಟ್ಟಿ ಬುಟ್ಟಿ ಮುಂದಿಟ್ಟುಕೊಂಡು ಬಾಗಿಲು ನೋಡುತ್ತಿದ್ದರು. ಒಂದು ದಿನ ಹನ್ನೆರಡಕ್ಕೆ ಊಟ, ಇನ್ನೊಂದು ದಿನ ಮೂರಕ್ಕೆ.

ಗೌರವ್ವನ ಹೊಟ್ಟೆಗೆ ಇದು ನಲವತ್ತು ವರುಷದ ಅಭ್ಯಾಸ. ಕಾಶೆವ್ವನ ಹೊಟ್ಟೆಗೆ ಆಗುವಂತಿರಲಿಲ್ಲ, ಯಾಕೆಂದರೆ ಅವಳಿಗೆ ಉಳಿದಿದ್ದೇ ಕಾಲು ಹೊಟ್ಟೆ. ಎಂಟು ತಿಂಗಳ ಹಿಂದೆ ದೂರದ ದೊಡ್ಡ ದವಾಖಾನೆಯೊಂದರಲ್ಲಿ ಅವಳ ಹೊಟ್ಟೆ ಕೊಯ್ದು, ಹುಣ್ಣಾಗಿದ್ದ ಮುಕ್ಕಾಲು ಪಾಲು ತೆಗೆದುಹಾಕಿ, ಉಳಿದದ್ದನ್ನು ಕರುಳಿಗೆ ಕೂಡಿಸಿ ಹೊಲಿದು ಕಳಿಸಿದ್ದರು. ಜೀವ ಉಳಿಯಿತು. ಮೈ ಮಾತ್ರ ಇಳಿಯುತ್ತಲೇ ಹೋಯಿತು. ಮದುವೆಯಾಗಿ ಬಂದಾಗ ಜೋಳದ ಚೀಲವನ್ನು ಒಬ್ಬಳೇ ಅಟ್ಟಕ್ಕೆ ಏರಿಸಿದವಳೆಂದು ಓಣಿಯಲ್ಲಿ ಹೆಸರಾಗಿದ್ದ ಹೆಣ್ಣಿನ ಕುಬಸದ ತೋಳು, ಎರಡು ಸಲ ಒಳಗೆ ಹೊಲಿದರೂ, ಈಗ ಜೋತಾಡುತ್ತಿತ್ತು.

ದವಾಖಾನೆಯಿಂದ ಬಿಡುವಾಗ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಮುಷ್ಟಿಯಷ್ಟು ಊಟ, ದಿನಕ್ಕೆ ಆರು ಸಲ, ನುಣ್ಣಗೆ ಅಗಿದು. ಮನೆಗೆ ಬಂದು ವೀರಪ್ಪ ಅದನ್ನು ಹೇಳಿದಾಗ ಗೌರವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಿದ್ದಳು.

"ಆರ ಸಲ? ನಾ ದಿನಕ್ಕ ಆರ ಸಲ ನೀರ ಸುದ್ದಾ ಕುಡಿಯೂದಿಲ್ಲ. ಈ ಮನ್ಯಾಗ ಬಾಣಂತಿ ಇದ್ದಾಗೂ ಯಾರೂ ಆರ ಸಲ ಉಂಡಿಲ್ಲೋ. ಗಂಡಸರ ಬಾಯಿಗೆ ತುತ್ತ ಬೀಳೂದಕ್ಕಿಂತ ಮೊದಲ ಸೊಸಿ ಮೂರ ಊಟ ಮುಗಿಸಿದ್ಳಂದ್ರ ಓಣ್ಯಾಗಿನ ಮಂದಿ ಏನಂತಾರ?"

ಮಂದಿ ಏನೆನ್ನುತ್ತಾರೆ ಎಂದು ವೀರಪ್ಪನಿಗೆ ಗೊತ್ತಿರಲಿಲ್ಲ. ಅದಕ್ಕೆ ಸುಮ್ಮನಾದ. ಸುಮ್ಮನಾಗುವುದರಲ್ಲಿ ಅವನನ್ನು ಮೀರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ.

ಹೀಗಾಗಿ ಕಾಶೆವ್ವ ಎಲ್ಲರಂತೆ ಕಾದು, ಎಲ್ಲರಂತೆ ಒಮ್ಮೆಲೇ ಉಣ್ಣುತ್ತಿದ್ದಳು. ಉಂಡ ಅರ್ಧ ತಾಸಿಗೆ ಎದೆ ಹೊಡೆದುಕೊಂಡು, ಮೈಯೆಲ್ಲ ಬೆವರಿ, ಹಿತ್ತಲಿಗೆ ಓಡಿ ವಾಂತಿ ಮಾಡುತ್ತಿದ್ದಳು. ಆಮೇಲೆ ಕೈಕಾಲು ನಡುಗಿದರೆ ಗೌರವ್ವ ಒಂದು ಹಳಕು ಬೆಲ್ಲ ಕೊಡುತ್ತಿದ್ದಳು. ಅದನ್ನು ದವಡೆಗೆ ಇಟ್ಟುಕೊಂಡು ಸಂಜೆಯ ತನಕ ಚೀಪುವುದು. ಆದರೆ ಬೆಲ್ಲಕ್ಕಿಂತ ಮೊದಲು ಇನ್ನೊಂದು ಕೆಲಸವಿತ್ತು. ವಾಂತಿಯಾದ ಬಾಯಲ್ಲಿ ಅಡಿಗೆ ಮನೆಗೆ ಬರುವಂತಿರಲಿಲ್ಲ. ಗೌರವ್ವ ಕುಳ್ಳಿನ ಬೂದಿಯನ್ನು ಹಳೆಯ ಧೋತರದ ತುಂಡಿನಲ್ಲಿ ಸೋಸಿ, ಉಪ್ಪು, ಕುಟ್ಟಿದ ಇದ್ದಲಿ ಕೂಡಿಸಿ ಒಂದು ತಗಡಿನ ಡಬ್ಬಿ ತುಂಬಿಟ್ಟಿದ್ದಳು. ಸೊಸೆ ಹಿತ್ತಲಿನಿಂದ ಬರುತ್ತಲೇ ಬಚ್ಚಲ ಕಟ್ಟೆಯ ಮೇಲೆ ಆ ಡಬ್ಬಿ, ಒಂದು ತಂಬಿಗೆ ನೀರು ಸಿದ್ಧವಾಗಿರುತ್ತಿದ್ದವು.

"ಗಸಗಸ ತಿಕ್ಕವಾ. ಹುಳಿ ವಾಸನಿ ಹೋಗುಮಟಾ ತಿಕ್ಕು."

ಕಾಶೆವ್ವ ತಿಕ್ಕುತ್ತಿದ್ದಳು. ಅತ್ತೆ ಕೆಟ್ಟದ್ದಕ್ಕೆ ಹೇಳುವವಳಲ್ಲ ಎಂಬುದು ಅವಳಿಗೆ ಗೊತ್ತಿತ್ತು. ದವಾಖಾನೆಯಲ್ಲಿ ಹದಿನೆಂಟು ದಿನ ಅವಳ ಮಲಮೂತ್ರ ಎತ್ತಿದವಳು ಇದೇ ಗೌರವ್ವ.

ಸಂಕ್ರಮಣ ಕಳೆದ ಮೂರನೆಯ ದಿನ, ಬಿಸಿಲು ಅಂಗಳ ದಾಟಿದ ಮೇಲೆ ಹೆಂಗಸರು ಗಂಗಾಳದ ಮುಂದೆ ಕೂತರು. ಕಾಶೆವ್ವ ಖಡಕ ರೊಟ್ಟಿ ಮುರಿದು ಬಾಯಿಗಿಟ್ಟಳು. ಒಳಗೆ ಏನೋ ಕಟ್ಟೆಂದಿತು. ರೊಟ್ಟಿಯೆಂದುಕೊಂಡಳು. ನಾಲಿಗೆ ಹೊರಳಿಸಿದರೆ ಹರಿತವಾದ ಚೂರು. ಅಂಗೈಗೆ ಉಗುಳಿದಳು. ಅರ್ಧ ಹಲ್ಲು.

"ಯವ್ವಾ, ಹಲ್ಲ!" ಎಂದು ಚನ್ನವ್ವ ಕಿರುಚಿದಳು.

ಗೌರವ್ವ ಬಗ್ಗಿ ನೋಡಿದಳು. "ಬಾಯಿ ತೆಗಿ." ತೆಗೆದಳು. ಮುಂದಿನ ಹಲ್ಲುಗಳು ಅಂಚಿನಲ್ಲಿ ಗಾಜಿನ ಹಾಗೆ ತೆಳ್ಳಗಾಗಿದ್ದವು. ಹಿಂದಿನವುಗಳಲ್ಲಿ ಕಪ್ಪು ಗುಳಿ. "ಎಷ್ಟ ದಿನದಿಂದ ಹಿಂಗೈತಿ?"

"ದೀಪಾವಳಿಯಿಂದ ತಣ್ಣೀರ ಕುಡದ್ರ ಜುಮ್ ಅಂತಾವ್ರಿ. ರೊಟ್ಟಿ ಅಗಿಯಾಕ ಆಗವಲ್ದು. ಹಂಗ ನುಂಗತೇನಿ."

"ನುಂಗತಿ, ಕಾರತಿ. ಇನ್ನಷ್ಟ ತಿಕ್ಕಬೇಕಿತ್ತು ನೀ. ಮ್ಯಾಲ ಮ್ಯಾಲ ತಿಕ್ಕಿರಬೇಕು."

ಗುರುವಾರ ವೀರಪ್ಪ ಅವಳನ್ನು ಗೋಕಾಕಕ್ಕೆ ಕರೆದುಕೊಂಡು ಹೋದ. ಪೇಟೆಯಲ್ಲಿ ಕಾಳಿನ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಕೇದಾರಿ ಎಂಬ ಹಲ್ಲಿನ ಡಾಕ್ಟರು ಕೂಡುತ್ತಿದ್ದರು. ಒಂದು ಎತ್ತರದ ಕುರ್ಚಿ, ಕಾಲಲ್ಲಿ ತುಳಿಯುವ ಒಂದು ಯಂತ್ರ, ಕಿಟಕಿಯ ಬೆಳಕು. ಡಾಕ್ಟರಿಗೆ ಐವತ್ತು ದಾಟಿತ್ತು, ಮೂಗಿನ ತುದಿಯಲ್ಲಿ ಕನ್ನಡಕ. ಕಾಶೆವ್ವನ ಬಾಯನ್ನು ಬಹಳ ಹೊತ್ತು ನೋಡಿದರು. ವೀರಪ್ಪನ ಕೈಗೆ ಪಿಂಗಾಣಿ ಬೋಗುಣಿ ಕೊಟ್ಟು ಅವಳ ಗದ್ದದ ಕೆಳಗೆ ಹಿಡಿಯಲು ಹೇಳಿದರು. ಹಿಡಿದ.

"ಇಷ್ಟ ಸಣ್ಣ ವಯಸ್ಸಿನ್ಯಾಗ ಇಷ್ಟ ಸವದ ಹಲ್ಲ ನಾ ನೋಡಿಲ್ಲ. ಏನ ತಿಂತಿ? ಯಾವಾಗ ತಿಂತಿ? ಯಾತರಲೆ ತಿಕ್ಕತಿ? ಎಲ್ಲಾ ಹೇಳ ತಂಗಿ."

ಕಾಶೆವ್ವ ಎಲ್ಲ ಹೇಳಿದಳು. ಹೊಟ್ಟೆ ಕೊಯ್ದದ್ದು, ಮಧ್ಯಾಹ್ನದ ಊಟ, ವಾಂತಿ, ಬೂದಿ, ಬೆಲ್ಲ. ಡಾಕ್ಟರು ಕನ್ನಡಕ ತೆಗೆದರು.

"ಮನ್ಯಾಗ ತಾಮ್ರದ ಕೊಡಾ ಹೆಂಗ ಬೆಳಗತಿ?"

"ಹುಣಸಿಹಣ್ಣ ಹಚ್ಚಿ, ಬೂದಿಲೆ ತಿಕ್ಕತೇನ್ರಿ."

"ಯಾಕ ಹುಣಸಿಹಣ್ಣ ಮೊದಲ?"

"ಹುಳಿ ಹಚ್ಚಿದ್ರ ಮ್ಯಾಲಿಂದು ಲಗೂನ ಬಿಡತೈತ್ರಿ."

"ಹಾಂ. ನಿನ್ನ ಹೊಟ್ಟಿ ಹುಳಿ ಬಾಯಿಗೆ ಬಂದಾಗ ಹಲ್ಲಿನ ಮ್ಯಾಲಿನ ಪದರ ಹಂಗ ಸಡಲಾಗತೈತಿ. ಆವಾಗ ನೀ ಬೂದಿ ಹಾಕಿ ತಿಕ್ಕತಿ. ಕೊಡಾ ಬೆಳಗಿದಂಗ ಹಲ್ಲ ಬೆಳಗೀಯವಾ, ಎಂಟ ತಿಂಗಳ." ಅವರು ವೀರಪ್ಪನ ಕಡೆ ತಿರುಗಿದರು. "ನೀವ ಕೇಳ್ರಿ. ವಾಂತಿ ಆದ ಮ್ಯಾಲ ಬರೇ ನೀರಿಲೆ ಬಾಯಿ ಮುಕ್ಕಳಿಸಬೇಕು, ಬೇಕಂದ್ರ ಚಿಟಿಕಿ ಅಡಿಗಿ ಸೋಡಾ ಹಾಕ್ರಿ. ಒಂದ ತಾಸ ಏನೂ ತಿಕ್ಕಬಾರ್ದು. ಬೂದಿ ಅಂತೂ ಯಾವಾಗೂ ಬ್ಯಾಡ. ಬೆಲ್ಲ ಬಾಯಾಗ ಇಟ್ಕೊಂಡ ಕೂಡೂದು ಬಂದ್. ಮತ್ತ ವಾಂತಿನ ಆಗಬಾರ್ದಂದ್ರ, ಹೊಟ್ಟಿ ಡಾಕ್ಟರ್ ಹೇಳಿದಂಗ ಆರ ಸಲ, ಮೆತ್ತಂದು, ಹೊತ್ತಿಗೆ ಸರಿಯಾಗಿ."

"ಎಲ್ಲಾ ಕಿತ್ತ ಹೊಸಾ ಸೆಟ್ ಹಾಕಿದ್ರ ಹೆಂಗ್ರಿ?" ಎಂದ ವೀರಪ್ಪ.

ಡಾಕ್ಟರಿಗೆ ಸಿಟ್ಟು ಬಂತು. "ಇಪ್ಪತ್ತೊಂಬತ್ತರ ಹೆಣಮಗಳ ಬಾಯಿ ಬೋಳ ಮಾಡೂಣಂತೀರೇನು? ಹೊಟ್ಟಿ ಇಲ್ಲದವರಿಗೆ ಹಲ್ಲ ಹೊಟ್ಟಿ ಕೆಲಸಾ ಮಾಡಬೇಕ್ರಿ. ಹಲ್ಲಿನ್ಯಾಗ ನುಣ್ಣಗ ಆಗದ ಕೂಳ ಆ ಕಾಲ ಹೊಟ್ಟ್ಯಾಗ ನಿಲ್ಲೂದಿಲ್ಲ. ಇವು ಪೂರಾ ಹ್ವಾದ್ವು ಅಂದ್ರ ಈಕಿ ಉಣ್ಣೂದು ಹೆಂಗ, ಬದುಕೂದು ಹೆಂಗ? ಏಳ ಹಲ್ಲ ಉಳಿಯೂದಿಲ್ಲ. ಮೂರ ಇವತ್ತ ಕೀಳತೇನಿ, ನಾಲ್ಕ ಮುಂದಿನ ತಿಂಗಳ. ಉಳದವು ಇರತಾವೋ ಹೋಗತಾವೋ ನಿಮ್ಮ ಮನ್ಯಾಗ ಐತಿ, ನನ್ನ ಕೈಯಾಗಿಲ್ಲ."

ಮೂರು ಹಲ್ಲು ಬೋಗುಣಿಗೆ ಬಿದ್ದವು. ಬೋಗುಣಿ ವೀರಪ್ಪನ ಕೈಯಲ್ಲೇ ಇತ್ತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ವೀರಪ್ಪ ಅವಳನ್ನು ಸ್ಟ್ಯಾಂಡಿನಲ್ಲಿ ಕೂಡಿಸಿ ಪೇಟೆಗೆ ಹೋಗಿ ಒಂದು ಪೊಟ್ಟಣ ಹಿಡಿದುಕೊಂಡು ಬಂದ. ಬೆಲ್ಲದ ಪಾಕದಲ್ಲಿ ಅಂಟು, ಕೊಬ್ಬರಿ ಕೂಡಿಸಿದ ಗಟ್ಟಿ ಕರದಂಟು. ಗೋಕಾಕಕ್ಕೆ ಬಂದವರು ಕರದಂಟು ಒಯ್ಯದೆ ಹೋಗುವುದುಂಟೇ? ಬಾಯಲ್ಲಿ ಹತ್ತಿ ತುಂಬಿಕೊಂಡಿದ್ದ ಕಾಶೆವ್ವ ಆ ಪೊಟ್ಟಣ ನೋಡಿದಳು, ಗಂಡನ ಮುಖ ನೋಡಿದಳು. ಅವಳಿಗೆ ಆಡಲು ಬಾಯಿ ಇದ್ದಿದ್ದರೆ ಇಡೀ ಸ್ಟ್ಯಾಂಡು ಕೇಳುವಂತೆ ಬಯ್ಯುತ್ತಿದ್ದಳು.

ರಾತ್ರಿಯ ಊಟಕ್ಕೆ ಗಂಡಸರು ಕೂತಾಗ ಗೌರವ್ವ ಕೇಳಿದಳು, "ಏನಂದ್ರೋ ಡಾಕ್ಟರ್?"

"ಏಳ ಹಲ್ಲ ಕೀಳಬೇಕಂತ. ಮೂರ ಕಿತ್ತರು," ಎಂದ ವೀರಪ್ಪ. ಸಾರಿಗೆ ರೊಟ್ಟಿ ಅದ್ದಿದ. "ಪಲ್ಯಾದಾಗ ಉಪ್ಪ ಕಡಿಮಿ ಆಗೈತಿ."

ಕಾಶೆವ್ವ ಬಾಗಿಲ ಸಂದಿನಲ್ಲಿ ನಿಂತು ಕಾದಳು. ಇನ್ನೇನು ಹೇಳುತ್ತಾನೆ, ಈ ತುತ್ತು ನುಂಗಿ ಹೇಳುತ್ತಾನೆ, ನೀರು ಕುಡಿದು ಹೇಳುತ್ತಾನೆ. ಅವನು ಕೈ ತೊಳೆದು ಎದ್ದುಹೋದ.

ಎರಡು ದಿನಕ್ಕೆ ಬಾವು ಇಳಿದು ಅವಳಿಗೆ ಮಾತು ಬಂತು. ಅಷ್ಟರಲ್ಲಿ ಗೌರವ್ವ ಹೊಸ ಡಬ್ಬಿ ತುಂಬಿದ್ದಳು. ಈ ಸಲ ಅದರಲ್ಲಿ ಲವಂಗವನ್ನೂ ಕುಟ್ಟಿ ಹಾಕಿದ್ದಳು. ಲವಂಗ ಹಲ್ಲಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ಮಧ್ಯಾಹ್ನ ಉಂಡದ್ದು ವಾಂತಿಯಾಗಿ ಹೋಯಿತು. ಬಚ್ಚಲ ಕಟ್ಟೆಯ ಮೇಲೆ ಡಬ್ಬಿ ಕೂತಿತ್ತು.

"ಅತ್ತಿ, ಬೂದಿ ಹಚ್ಚಬಾರ್ದಂತ್ರಿ. ಡಾಕ್ಟರ್ ಹೇಳ್ಯಾರ. ಬೂದಿಲೆನ ಹಲ್ಲ ಸವದಾವಂತ."

ಗೌರವ್ವನ ಮುಖ ಗಂಟಾಯಿತು. "ಬೂದಿಲೆ? ನಮ್ಮ ಅವ್ವ ಎಂಬತ್ತ ವರ್ಷ ಬೂದಿಲೆ ತಿಕ್ಕಿ ಕಬ್ಬ ಹಲ್ಲಿಲೆ ಸಿಗದ ತಿಂದ್ಳು. ನಾ ಜ್ವಾಳಾ ಬೀಸಿ ಕೈ ಸೋತಾಗೂ ನಿನ್ನ ಸಲುವಾಗಿ ಕೂತ ಸೋಸೇನಿ. ನಾ ನಿನ್ನ ಹಲ್ಲ ತಿಂದ್ನಿ ಅಂತೀ ಏನು?"

"ನೀವ ತಿಂದ್ರಿ ಅನ್ನಾಕತ್ತಿಲ್ರಿ. ಡಾಕ್ಟರ್ ಹೇಳಿದ್ದ ಹೇಳಾಕತ್ತೇನಿ. ಮತ್ತ ಆರ ಸಲ ಉಣ್ಣಾಕೂ ಹೇಳ್ಯಾರ. ಇವರ ಮುಂದನ ಹೇಳ್ಯಾರ. ಇವರನ್ನ ಕೇಳ್ರಿ."

ವೀರಪ್ಪ ಅಂಗಳದಲ್ಲಿ ಎತ್ತಿನ ಹಗ್ಗ ಹೊಸೆಯುತ್ತಿದ್ದ. ಗೌರವ್ವ ಹೊಸಿಲಿಗೆ ಬಂದು ನಿಂತಳು. "ಹೌದೇನೋ? ಬೂದಿ ಬ್ಯಾಡಂದ್ರೇನ ಡಾಕ್ಟರ್?"

ವೀರಪ್ಪ ತಲೆ ಎತ್ತಿ ತಾಯಿಯ ಮುಖ ನೋಡಿದ. ಆ ಮುಖದಲ್ಲಿ ಆಗಲೇ ನೀರು ತುಂಬಿತ್ತು. ಹೌದು ಎಂದರೆ ಅವಳು ಅಳುತ್ತಾಳೆ, ಊಟ ಬಿಡುತ್ತಾಳೆ, ತಂದೆ ಕೂಗಾಡುತ್ತಾನೆ. ಇಲ್ಲ ಎಂದರೆ ಅಳುವವಳು ಹೆಂಡತಿ ಒಬ್ಬಳೇ. ಲೆಕ್ಕ ಅವನಿಗೆ ಕೂಡಲೇ ಹೊಂದಿತು.

"ನನಗ ಗೊತ್ತಿಲ್ಲಬೇ. ನಾ ಹೊರಗ ನಿಂತಿದ್ನಿ. ಒಳಗ ಏನ ಮಾತಾತೊ."

ಕಾಶೆವ್ವನಿಗೆ ಒಂದು ಕ್ಷಣ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು. ಆಮೇಲೆ ಅಂಗಾಲಿನಿಂದ ನೆತ್ತಿಗೆ ಬೆಂಕಿ ಹತ್ತಿತು. ಬೋಗುಣಿ ಹಿಡಿದಿದ್ದ ಕೈ ಅಲ್ಲೇ ಕೂತು ಹಗ್ಗ ಹೊಸೆಯುತ್ತಿದೆ!

"ಕೇಳಿದಿ?" ಎಂದಳು ಗೌರವ್ವ, ಸೊಸೆಯ ಕಡೆ ತಿರುಗಿ. "ಉಣ್ಣೂ ಆಸೆಕ್ಕ ಡಾಕ್ಟರ್ ಹೆಸರ ಹೇಳೂದು ಕಲತಿ. ಬಾಯಿ ತಿಕ್ಕೂದಿದ್ರ ತಿಕ್ಕು. ಇಲ್ಲಂದ್ರ ನನ್ನ ಅಡಿಗಿ ಮನ್ಯಾಗ ಕಾಲಿಡಬ್ಯಾಡ."

"ತಿಕ್ಕೂದಿಲ್ರಿ."

"ಹಂಗಾರ ಹೊರಗಿರು."

ಸಂಜೆಗೆ ಪರಪ್ಪ ಬಂದ. ವಿಷಯ ಕಿವಿಗೆ ಬೀಳುತ್ತಲೇ ಪಡಸಾಲೆಯಲ್ಲಿ ಕೂತು ಸೊಸೆಯನ್ನು ಕರೆಸಿದ. ಅವಳು ಕಂಬದ ಮರೆಗೆ ಸೆರಗು ಹೊದ್ದು ನಿಂತಳು.

"ಲಿಂಗಪೂಜಿ ಮಾಡೂ ಮನಿ ಇದು. ವಾಂತಿ ಬಾಯಿಲೆ ಒಲಿ ಮುಂದ ಕೂತ್ರ ಮೈಲಿಗಿ ಅಲ್ಲೇನವಾ?"

ಕಾಶೆವ್ವ ಸುಮ್ಮನಿರಬೇಕಿತ್ತು. ಹನ್ನೆರಡು ವರುಷ ಸುಮ್ಮನಿದ್ದಳು. "ಮಾವಾರ, ಲಿಂಗಾ ಕಟ್ಟಿದವರಿಗೆ ಐದೂ ಸೂತಕ ಇಲ್ಲ, ಎಂಜಲ ಸೂತಕ ಮೊದಲ ಇಲ್ಲಂತ ಮಠದಾಗ ನೀವ ಹೇಳತೀರಿ. ನನ್ನ ಕೊಳ್ಳಾಗೂ ಲಿಂಗಾ ಐತ್ರಿ. ಮಠಕ್ಕ ಒಂದ ಮಾತ, ಅಡಿಗಿ ಮನಿಗೆ ಒಂದ ಮಾತ ಏನ್ರಿ?"

ಪರಪ್ಪ ಎದ್ದೇ ನಿಂತ. "ನನಗ ಧರ್ಮ ಕಲಿಸತಿ? ಎಂಜಲ ಬ್ಯಾರೆ, ವಾಂತಿ ಬ್ಯಾರೆ!"

"ಎರಡೂ ಬಾಯಿಂದನ ಬರತಾವ್ರಿ ಮಾವಾರ."

ಒಳಗಿನಿಂದ ಚನ್ನವ್ವ ಕಿಸಕ್ಕೆಂದಳು. ಅಷ್ಟು ಸಾಕಾಯಿತು. ಪರಪ್ಪ ಆ ರಾತ್ರಿ ಊಟ ಬಿಟ್ಟ, ಅವನು ಬಿಟ್ಟನೆಂದು ಗೌರವ್ವ ಬಿಟ್ಟಳು, ಹೆಂಗಸರ ಊಟವೇ ಆಗಲಿಲ್ಲ. ವೀರಪ್ಪ ಮಾತ್ರ ಹೊಲದಿಂದ ಹಸಿದು ಬಂದವನು ಮೂರು ರೊಟ್ಟಿ ತಿಂದು, ಮೇಲೆ ಒಂದು ಚೂರು ಕರದಂಟು ಕಡಿದು ಮಲಗಿದ.

ಮರುದಿನ ನಸುಕಿಗೆ ಎದ್ದು ಕಾಶೆವ್ವ ಮೈ ತೊಳೆದು, ಪೂಜೆ ಮುಗಿಸಿ, ಅಂಗಳದ ಮೂಲೆಯಲ್ಲಿ ಗೋಡೆಗೆ ಹೊಂದಿಸಿ ಮೂರು ಕಲ್ಲು ಹೂಡಿದಳು. ತವರಿನಿಂದ ಬಂದಿದ್ದ ಸಣ್ಣ ಪಾತ್ರೆ ಇಟ್ಟು ಜೋಳದ ನುಚ್ಚು ಕುದಿಸಿದಳು. ಅದಕ್ಕೆ ಮಜ್ಜಿಗೆ ಕಲಸಿ ಒಂದು ಬಟ್ಟಲು ಉಂಡಳು. ಉಳಿದದ್ದನ್ನು ಮುಚ್ಚಿಟ್ಟು, ಎರಡು ತಾಸಿಗೊಮ್ಮೆ ಅಷ್ಟಷ್ಟೇ ಉಂಡಳು. ನೀರು ತರುವುದು, ಸೆಗಣಿ ಬಳಿಯುವುದು, ಹತ್ತಿ ಬಿಡಿಸುವುದು ಯಾವುದನ್ನೂ ಬಿಡಲಿಲ್ಲ. ಹತ್ತಿ ಹೊಲಕ್ಕೂ ಬಟ್ಟಲು ಕಟ್ಟಿಕೊಂಡು ಹೋದಳು. ಕೂಲಿಗೆ ಬಂದ ಹೆಂಗಸರು ನೋಡಿ ನಕ್ಕರು. ಅವರು ನಗುತ್ತಿದ್ದಾಗಲೇ ಅವಳು ಉಂಡು ಮುಗಿಸಿದಳು.

ಅಂದು ವಾಂತಿ ಆಗಲಿಲ್ಲ. ಮರುದಿನವೂ ಆಗಲಿಲ್ಲ. ನಾಲ್ಕನೆಯ ದಿನ ಒಮ್ಮೆ ಆಯಿತು. ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಡಬ್ಬಿಯ ಕಡೆ ನೋಡದೆ ಬಂದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಕೈ ನಡುಗದೆ ಮೂರು ವಾರ ಕಳೆದವು. ನಡುವೆ ಒಂದು ದಿನ, ಆಗಲೇ ತೆಳ್ಳಗಾಗಿದ್ದ ಮುಂದಿನ ಹಲ್ಲೊಂದು ನುಚ್ಚು ತಿನ್ನುವಾಗಲೇ ಮುರಿಯಿತು. ಅದನ್ನು ಅಂಗೈಯಲ್ಲಿ ಹಿಡಿದು ಅವಳು ಅತ್ತಳು. ಮೊದಲೇ ಈ ಒಲೆ ಹೂಡಿದ್ದರೆ ಎಂದು ತನ್ನ ಮೇಲೇ ಸಿಟ್ಟಾದಳು.

ಗೌರವ್ವ ಆ ಮೂರು ವಾರ ಅವಳೊಡನೆ ಮಾತಾಡಲಿಲ್ಲ. ಹೇಳುವುದಿದ್ದರೆ ಚನ್ನವ್ವನ ಕೈಲಿ ಹೇಳಿಸುತ್ತಿದ್ದಳು.

"ಚನ್ನಿ, ನಿಮ್ಮವ್ವಗ ಹೇಳು, ನುಚ್ಚ ಕುದಿಸಾಕ ಉರುವಲ ಬ್ಯಾರೆ ಹೊಂದಸ್ಕೊ ಅಂತ."

"ಅವ್ವ ಇಲ್ಲೇ ಅದಾಳಲಾ ಆಯಿ, ನೀನ ಹೇಳು."

"ನನ್ನ ಬಾಯಿ ಬೂದಿ ಬಾಯಿ. ನಾ ಆಡಬಾರ್ದು."

ಆದರೆ ಕೌಜಲಗಿಯಂಥ ಊರಿನಲ್ಲಿ ಒಂದು ಮನೆಯಿಂದ ಎರಡು ಹೊಗೆ ಎದ್ದರೆ ಅದಕ್ಕೆ ಒಂದೇ ಅರ್ಥ. ಮೂರು ಕಲ್ಲು ಬೇರೆ ಹೂಡಿದರೆ ಮನೆ ಬೇರೆಯಾಯಿತು. ಹೊಲ ಬೇರೆ, ಎತ್ತು ಬೇರೆ, ಗೋಡೆ ಬೇರೆ ಆಗುವುದು ಬಾಕಿ ಅಷ್ಟೇ. ಕಾಶೆವ್ವನಿಗೆ ಇದು ಹೊಳೆಯಲೇ ಇಲ್ಲ. ಅವಳಿಗೆ ಬೇಕಿದ್ದದ್ದು ಒಂದು ಬಟ್ಟಲು ನುಚ್ಚು. ಪರಪ್ಪನಿಗೆ ಹೊಳೆದಿತ್ತು. ಮಠದ ಕಟ್ಟೆಯ ಮೇಲೆ ಮಂದಿ ಅವನನ್ನು ನೋಡಿ ಮಾತು ನಿಲ್ಲಿಸುವುದೂ ಗೊತ್ತಾಗಿತ್ತು. ಇದ್ದೊಬ್ಬ ಮಗ ಬೇರೆಯಾಗುತ್ತಿದ್ದಾನೆ ಎಂದು ನಾಗನೂರಿನ ತನಕ ಸುದ್ದಿ ಹೋಯಿತು. ಅಲ್ಲಿಂದ ಭಾವುಬಂದರ, ಅಂದರೆ ದಾಯಾದಿಗಳ, ಹಿರಿಯ ಲಕ್ಕಪ್ಪ, ಜೊತೆಗೆ ಇನ್ನಿಬ್ಬರನ್ನು ಕರೆದುಕೊಂಡು, ಯಾರೂ ಕರೆಯದೆ ಒಂದು ಸೋಮವಾರ ಮುಂಜಾನೆ ಚಕ್ಕಡಿ ಕಟ್ಟಿಕೊಂಡು ಬಂದ. ಬರುವ ದಾರಿಯಲ್ಲೇ ಯಾವ ಹೊಲ ಯಾರಿಗೆ ಎಂದು ಅವರು ಮಾತಾಡಿ ಮುಗಿಸಿದ್ದರು.

ಪಡಸಾಲೆಯಲ್ಲಿ ಜಮಖಾನ ಹಾಸಿದರು. ಲಕ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತ ಶುರು ಮಾಡಿದ.

"ಪರಪ್ಪಾ, ಬೆಳದ ಮಗಾ ಬ್ಯಾರೆ ಆಗತೇನಂದ್ರ ತಡಿಯಾಕ ಬರೂದಿಲ್ಲ. ಬಾಂವಿ ಕಡೀ ಹೊಲಾ ನೀ ಇಟ್ಕೊ, ಹತ್ತಿ ಹೊಲಾ ಅಂವಗ ಬಿಡು."

"ನಾ ಯಾವಾಗ ಬ್ಯಾರೆ ಆಗತೇನಂದ್ನಿ ಕಾಕಾ?" ಎಂದ ವೀರಪ್ಪ ಗಾಬರಿಯಾಗಿ.

"ಹಂಗಾರ ಆ ಒಲಿ ಯಾಕೋ?"

ವೀರಪ್ಪ ನೆಲ ನೋಡಿದ. "ನನಗೇನ ಗೊತ್ತಿಲ್ಲ. ಆಕಿನ್ನ ಕೇಳ್ರಿ."

ಹಿರಿಯರ ಮುಂದೆ ಸೊಸೆಯನ್ನು ಕೇಳುವುದೇ? ಲಕ್ಕಪ್ಪ ಪರಪ್ಪನ ಮುಖ ನೋಡಿದ, ಪರಪ್ಪ ಗೋಡೆ ನೋಡಿದ. ಅಷ್ಟರಲ್ಲಿ ಕಾಶೆವ್ವ ಕಂಬದ ಮರೆಯಿಂದ ಈಚೆಗೆ ಬಂದಿದ್ದಳು. ಸೆರಗು ತಲೆಯ ಮೇಲಿತ್ತು, ದನಿ ಮಾತ್ರ ಮರೆಯಲ್ಲಿರಲಿಲ್ಲ.

"ನನಗ ಹೊಲಾ ಬ್ಯಾಡ್ರಿ ಕಾಕಾ, ಎತ್ತ ಬ್ಯಾಡ್ರಿ. ಹೊತ್ತಿಗೆ ಸರಿಯಾಗಿ ಒಂದ ಬಟ್ಟಲ ನುಚ್ಚ ಬೇಕು. ನನ್ನ ಹೊಟ್ಟಿ ಮುಕ್ಕಾಲ ಕೊಯ್ದಾರ. ಒಮ್ಮೆಲೆ ಉಂಡ್ರ ಕಾರತೇನಿ. ಕಾರಿದ ಬಾಯಿ ಬೂದಿಲೆ ತಿಕ್ಕಿ ತಿಕ್ಕಿ ನನ್ನ ಹಲ್ಲ ಹ್ವಾದ್ವು. ತಿಕ್ಕಬ್ಯಾಡಂತ ಗೋಕಾಕದ ಡಾಕ್ಟರ್ ಹೇಳಿದ್ರು. ತಿಕ್ಕಿಲ್ಲಂದ್ರ ಅಡಿಗಿ ಮನಿಗೆ ಬರಬ್ಯಾಡಂದ್ರು ಇಲ್ಲೆ. ಅದಕ್ಕ ಹೊರಗ ಒಲಿ ಹೂಡೇನಿ. ಬ್ಯಾರೆ ಆಗಾಕಲ್ಲ, ಬದಕಾಕ."

ಗೌರವ್ವ ಅಡಿಗೆ ಮನೆಯ ಬಾಗಿಲಿಗೆ ಬಂದಳು. "ಸುಳ್ಳ್ರಿ! ಎಲ್ಲಾ ನನ್ನ ಬೂದಿ ಮ್ಯಾಲ ಹಾಕತಾಳ. ನಾನ ಈಕಿ ಹಲ್ಲ ಕಳದಂಗ ಊರ ಮುಂದ ಹೇಳತಾಳ!"

ತಾಯಿಯ ಕಣ್ಣಲ್ಲಿ ಮತ್ತೆ ನೀರು ಕಂಡು ವೀರಪ್ಪನಿಗೆ ತಡೆಯಲಾಗಲಿಲ್ಲ. ಅವಳನ್ನು ಸಮಾಧಾನ ಮಾಡಲು ಅಂದುಬಿಟ್ಟ:

"ಬರೇ ಬೂದಿ ಅನ್ನಲಿಲ್ಲಬೇ ಡಾಕ್ಟರ್. ಬೆಲ್ಲಾನೂ ಅಂದ್ರು. ಬೆಲ್ಲಾ ಬಾಯಾಗ ಇಟ್ಕೊಂಡಿದ್ದಕ್ಕೂ ಹ್ವಾದ್ವು ಅಂದ್ರು."

ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವಳು ಕೈಯನ್ನು ಅಲ್ಲೇ ನಿಲ್ಲಿಸಿದಳು.

"ನಿನಗ ಹೆಂಗ ಗೊತ್ತು?"

ವೀರಪ್ಪನ ಬಾಯಿ ತೆರೆದೇ ಇತ್ತು.

"ನೀ ಹೊರಗ ನಿಂತಿದ್ದೆಂದಿ. ಈ ಹೊಸಿಲದಾಗ ನಿಂತ ಕೇಳಿದ್ನಿ ನಿನ್ನ. ಹೊರಗ ನಿಂತಿದ್ನಿಬೇ ಅಂದಿ."

"ಅತ್ತಿ, ಇವರು ನನ್ನ ಬಾಜೂಕನ ಇದ್ರು," ಎಂದಳು ಕಾಶೆವ್ವ. "ಬೋಗುಣಿ ಇವರ ಕೈಯಾಗಿತ್ತು."

ಗೌರವ್ವ ಮೂರು ಹೆಜ್ಜೆಗೆ ಪಡಸಾಲೆ ದಾಟಿದಳು. ಭಾವುಬಂದರ ನಡುವೆ, ಜಮಖಾನದ ಮೇಲೆ, ಮೂವತ್ತೈದು ವರುಷದ ಮಗನ ಕಪಾಳಕ್ಕೆ ಹೊಡೆದಳು.

"ನಿನಗ ಗೊತ್ತಿತ್ತು! ಗೊತ್ತಿದ್ದೂ ನಾ ಬೂದಿ ಸೋಸೂದು ನೋಡಿಕೋಂತ ಕೂತಿ! ಲವಂಗ ಕುಟ್ಟಿ ಹಾಕಿದ್ನಲ್ಲೋ, ಆಗರ ಬಾಯಿ ಬಿಡಬಾರದಾಗಿತ್ತ? ತಿಳೀಲಾರದ ಎಂಟ ತಿಂಗಳ ತಿಕ್ಕಿಸಿದ್ನಿ, ಅದು ನನ್ನ ದಡ್ಡತನ. ನಿನಗ ತಿಳದ ಮ್ಯಾಲೂ ನನ್ನ ಕೈಲೆ ಆಕಿನ್ನ ಸುಳ್ಳಿ ಮಾಡಿಸಿ ಹೊರಗ ಹಾಕಿಸಿದಿ, ಅದು ನಿನ್ನ ಹೇಡಿತನ. ನನಗ ಬ್ಯಾಸರ ಆಗತೈತಂತ ಸುಮ್ಮ ಕೂತ್ಯೇನು? ಯಾರ ಕೇಳಿದ್ರು ನಿನ್ನ ಅಷ್ಟ ಕಾಳಜಿ?"

"ಗೌರವ್ವಕ್ಕಾ, ಹೋಗಲಿ ಬಿಡ್ರಿ, ಗಂಡಸ ಮಗಾ..." ಎಂದ ಲಕ್ಕಪ್ಪ.

"ನೀವ ಹೊಲಾ ಹಂಚಾಕ ಬಂದವರು ಸುಮ್ಮ ಕೂಡ್ರಿ!"

ಲಕ್ಕಪ್ಪ ಕೂತ. ಗೌರವ್ವ ಸೊಸೆಯ ಕಡೆ ತಿರುಗಿದಳು. "ನೀನರ ಗಂಟಲ ಹರ್ಕೊಂಡ ಹೇಳಬಾರದಾಗಿತ್ತ?"

"ಹೇಳಿದ್ನಿ ಅತ್ತಿ. ನೀವು ಗಂಡಸಿನ ಮಾತ ನಂಬಿದ್ರಿ."

ಕಾಶೆವ್ವನಿಗೆ ಅತ್ತೆಯನ್ನು ಸಂತೈಸುವ ಮನಸ್ಸಿರಲಿಲ್ಲ. ಎಂಟು ತಿಂಗಳ ನೋವು ಒಂದು ಕಪಾಳಮೋಕ್ಷಕ್ಕೆ ಇಳಿಯುವಂಥದಲ್ಲ. ಬಿಸಿಲು ನೋಡಿದಳು; ಅವಳ ಮೂರನೆಯ ಊಟದ ಹೊತ್ತು ಮೀರುತ್ತಿತ್ತು. ಅಂಗಳಕ್ಕೆ ಹೋಗಿ ಬಟ್ಟಲಿಗೆ ನುಚ್ಚು ಹಾಕಿಕೊಂಡು ತಿರುಗಿ ಪಡಸಾಲೆಗೇ ಬಂದಳು. ಕಂಬದ ಮರೆಗೆ ಹೋಗಲಿಲ್ಲ. ಜಮಖಾನದ ಅಂಚಿಗೆ, ಗಂಡನ ಎದುರಿಗೆ ಕೂತು ಉಣ್ಣತೊಡಗಿದಳು.

ಮುಂಜಾನೆ ನಾಗನೂರು ಬಿಟ್ಟ ಹಿರಿಯರಿಗೆ ಹಸಿವಾಗಿತ್ತು. ಲಕ್ಕಪ್ಪ ಕೆಮ್ಮಿ, ಅಡಿಗೆ ಮನೆಯ ಕಡೆ ನೋಡಿದ. "ಅಕ್ಕಾ, ರೊಟ್ಟಿ..."

"ಆಕಿದು ಮುಗೀಲಿ," ಎಂದಳು ಗೌರವ್ವ. ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ಪರಪ್ಪ ಏನೋ ಅನ್ನಲು ಹೋಗಿ ಹೆಂಡತಿಯ ಮುಖ ನೋಡಿ ಬಿಟ್ಟ.

ಕೆನ್ನೆ ಹಿಡಿದುಕೊಂಡಿದ್ದ ವೀರಪ್ಪ ಸಣ್ಣ ದನಿಯಲ್ಲಿ, "ನಾಲ್ಕ ಹಲ್ಲ ಕೀಳಿಸೂದೈತಲಾ, ನಾಳಿನ ಗೋಕಾಕಕ್ಕ ಕರ್ಕೊಂಡ ಹೋಗತೇನಿ," ಎಂದ.

"ನೀವ ಬ್ಯಾಡ್ರಿ. ನಾ ಅತ್ತಿ ಕೂಡ ಹೋಗತೇನಿ." ಕಾಶೆವ್ವ ತುತ್ತನ್ನು ಎಡಗಡೆಯ ದವಡೆಗೆ ಸರಿಸಿ ತಲೆ ಎತ್ತಿದಳು. "ನಿಮ್ಮ ಬಾಯಾಗ ಮೂವತ್ತೆರಡೂ ಗಟ್ಟಿ ಅದಾವು. ಆದ್ರ ನನ್ನ ಸಲುವಾಗಿ ಒಂದ ಖರೇ ಮಾತ ಆ ಬಾಯಿಂದ ಬರಲಿಲ್ಲ."

ಬಟ್ಟಲಲ್ಲಿ ಇನ್ನೂ ಅರ್ಧ ನುಚ್ಚಿತ್ತು. ಅವಳು ಒಂದೊಂದೇ ತುತ್ತನ್ನು ನುಣ್ಣಗಾಗುವ ತನಕ ಅಗಿದು ಉಂಡಳು, ಐದು ಮಂದಿ ಗಂಡಸರು ಕಾದು ಕೂತರು.